ಎಂಟು ಮನೆ, ಒಂದು ನಲ್ಲಿ

10 ಮಾರ್ಚ್ 2024, ಭಾನುವಾರ

ವಸ್ತು ಇವತ್ತು ಗಟ್ಟಿಯಾಯಿತು. ವಠಾರವನ್ನೇ ಮಾಡುತ್ತೇನೆ.

ಕೂಡಿ ಬಾಳುವುದರ ಬಗ್ಗೆ ಒಂದು ಇನ್‌ಸ್ಟಲೇಶನ್ ಎಂದು ಪ್ರಸ್ತಾವ ಬರೆದುಕೊಟ್ಟಾಗಿನಿಂದ ಯಾವ ಮನೆ, ಯಾರ ಬಾಳು ಎನ್ನುವುದು ತೀರ್ಮಾನವಾಗಿರಲಿಲ್ಲ. ಕೊಡಗಿನ ಐನ್‌ಮನೆ ಮನಸ್ಸಿನಲ್ಲಿತ್ತು. ಒಂದು ಒಕ್ಕದವರೆಲ್ಲ ಪುತ್ತರಿಗೆ ಬಂದು ಸೇರುವ ಮೂಲಮನೆ, ಒಳಗೆ ತೂಗುದೀಪ, ಹೊರಗೆ ಹಿರಿಯರ ಕೈಮಡ. ಧಾರವಾಡ ಕಡೆಯ ದೊಡ್ಡ ಅವಿಭಕ್ತ ಮನೆತನಗಳೂ ಇದ್ದವು. ಆದರೆ ಅಲ್ಲೆಲ್ಲ ಜನರನ್ನು ಒಟ್ಟಿಗೆ ಹಿಡಿದಿರುವುದು ರಕ್ತ, ಮನೆತನದ ಹೆಸರು, ಆಸ್ತಿ. ವಠಾರದಲ್ಲಿ ಅದ್ಯಾವುದೂ ಇಲ್ಲ. ಬಾಡಿಗೆ ಕೊಡಬಲ್ಲವರು ಬಂದು ಸೇರುತ್ತಾರೆ. ಹಾಸನದ ಮೇಷ್ಟರು, ಕೋಲಾರದ ಬಸ್ ಕಂಡಕ್ಟರು, ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವವರು, ಆಗತಾನೇ ಮದುವೆಯಾಗಿ ಬಂದ ಗುಮಾಸ್ತರು. ಎಂಟು ಮನೆಗೆ ಒಂದು ನಲ್ಲಿ, ಒಂದು ಬಟ್ಟೆ ಒಗೆಯುವ ಕಲ್ಲು, ಎರಡು ಕಕ್ಕಸು. ಒಬ್ಬರಿಗೊಬ್ಬರು ಏನೂ ಅಲ್ಲದವರು ಒಂದು ಅಂಗಳದಲ್ಲಿ ಹೇಗೆ ಬಾಳಿದರು? ನನಗೆ ಬೇಕಾದ ಪ್ರಶ್ನೆ ಇದೇ.

ಈ ಬೇಸಗೆ ಆ ಪ್ರಶ್ನೆಯನ್ನು ನನ್ನ ಬಾಗಿಲಿಗೇ ತಂದು ನಿಲ್ಲಿಸಿದೆ. ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಬತ್ತಿದೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದು ಗಂಟೆ ಮಾತ್ರ ನೀರು ಎಂದು ಲಿಫ್ಟಿನಲ್ಲಿ ಚೀಟಿ ಅಂಟಿಸಿದ್ದಾರೆ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದೆ. ಇಷ್ಟು ಮನೆಯವರೂ ಒಂದೇ ಟ್ಯಾಂಕಿನ ನೀರು ಕುಡಿಯುತ್ತೇವೆ. ಆದರೂ ಬಾಗಿಲು ಹಾಕಿಕೊಂಡು ಅವರವರ ಬಕೆಟ್ ಅವರವರು ತುಂಬಿಸಿಕೊಳ್ಳುತ್ತೇವೆ. ಎದುರು ಮನೆಯಲ್ಲಿ ಒಂಟಿಯಾಗಿರುವ ಹಿರಿಯರಿಗೆ ಬಕೆಟ್ ಎತ್ತಲು ಆಗುತ್ತದೋ ಇಲ್ಲವೋ ಎಂದು ವಿಚಾರಿಸುವ ಏರ್ಪಾಟೇ ನಮ್ಮಲ್ಲಿಲ್ಲ.

19 ಮಾರ್ಚ್, ಮಂಗಳವಾರ

ಮುಖ್ಯಮಂತ್ರಿಗಳು ಕೊಟ್ಟ ಲೆಕ್ಕ ಪತ್ರಿಕೆಗಳಲ್ಲಿ ಬಂದಿದೆ. ಬೆಂಗಳೂರಿಗೆ ದಿನಕ್ಕೆ 2,600 ದಶಲಕ್ಷ ಲೀಟರ್ ನೀರು ಬೇಕು. ಕಾವೇರಿಯಿಂದ ಬರುವುದು 1,470. ಸರ್ಕಾರದ 14,000 ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ. ಹಾಳೆಯನ್ನು ಕತ್ತರಿಸಿ ಕೆಲಸದ ಗೋಡೆಗೆ ಅಂಟಿಸಿಕೊಂಡೆ.

ವಠಾರ ಎಂದೊಡನೆ ಎಲ್ಲರ ಬಾಯಲ್ಲೂ ಬರುವುದು ಹಂಚಿ ತಿಂದ ಹಬ್ಬದೂಟ, ಒಂದೇ ಟೀವಿಯ ಮುಂದೆ ಸಾಲಾಗಿ ಕೂತು ನೋಡಿದ ರಾಮಾಯಣ. ನನ್ನ ಕೆಲಸ ನಲ್ಲಿಯಿಂದ ಶುರುವಾಗಬೇಕು. ಈ ಊರಿನ ಬೆಳವಣಿಗೆಯನ್ನೆಲ್ಲ ನೀರಿನ ಇಸವಿಗಳಲ್ಲಿ ಹೇಳಬಹುದು. ಹೆಸರಘಟ್ಟದ ನೀರು ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿ, ಅದೂ ಸಾಲದಾದಾಗ 1974ರಲ್ಲಿ ಕಾವೇರಿಯ ಮೊದಲ ಹಂತ. ಆ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ ಎತ್ತರ ಹತ್ತಿಕೊಂಡು ಬಂದು ವಠಾರದ ಒಂದು ನಲ್ಲಿಯಲ್ಲಿ ಬೆಳಗಿನ ಜಾವ ಸ್ವಲ್ಪ ಹೊತ್ತು ಸುರಿಯುತ್ತಿತ್ತು. ಇಡೀ ಅಂಗಳದ ದಿನ ಆ ಹೊತ್ತಿಗೆ ಕಟ್ಟುಬಿದ್ದಿತ್ತು.

ಒಂದು ತೀರ್ಮಾನವನ್ನು ಈಗಲೇ ಬರೆದಿಡುತ್ತೇನೆ. ಪರದೆ ಬೇಡ, ಸೆನ್ಸರ್ ಬೇಡ. ಪ್ರೇಕ್ಷಕರು ಭಾಗವಹಿಸುವ ಕೃತಿ ಎಂದು ಇತ್ತೀಚೆಗೆ ನೋಡುತ್ತಿರುವುದರಲ್ಲಿ ಹೆಚ್ಚಿನವು ಒಬ್ಬ ಮನುಷ್ಯನಿಗೂ ಒಂದು ಯಂತ್ರಕ್ಕೂ ನಡುವಿನ ವ್ಯವಹಾರ. ಕೈ ಆಡಿಸಿದರೆ ಗೋಡೆಯ ಮೇಲೆ ಬೆಳಕು ಓಡುತ್ತದೆ, ಹಿಂದಿನವರು ತಮ್ಮ ಸರದಿಗೆ ಕಾಯುತ್ತಾರೆ. ನನ್ನ ಅಂಗಳದಲ್ಲಿ ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ತಟ್ಟಬೇಕು.

31 ಮಾರ್ಚ್, ಭಾನುವಾರ

ಮೂರನೇ ಮನೆ ಅಜ್ಜಿಯನ್ನು ಕಂಡುಬಂದೆ. ಚಾಮರಾಜಪೇಟೆಯ ವಠಾರದಲ್ಲಿ ನಾವು ಐದನೇ ಮನೆ, ಅವರು ಮೂರನೇ ಮನೆ. ಈಗ ಕೆಂಗೇರಿಯಲ್ಲಿ ಮಗನ ಜೊತೆ ಇದ್ದಾರೆ. ತೀರಿಹೋದ ನನ್ನ ಅಮ್ಮ ಅವರ ಮಾತಿನಲ್ಲಿ ಇವತ್ತಿಗೂ ‘ಐದನೇ ಮನೆಯವಳು’.

ಟೇಪ್ ಇಟ್ಟು ಶುರುಮಾಡುವ ಮೊದಲೇ ಎಚ್ಚರಿಸಿದರು: “ಒಗ್ಗಟ್ಟಾಗಿದ್ವಿ ಅಂತ ಬರೀಬೇಡ ಕಣೆ. ದಿನಾ ಜಗಳ ಆಡ್ತಿದ್ವಿ. ಆದ್ರೆ ನೀರು ಮಾತ್ರ ಎಲ್ಲಾರ ಮನೆಗೂ ಹೋಗೋದು.”

ಹೇಗೆ ಎಂದು ಕೇಳಿದೆ. ಅಜ್ಜಿ ಬೆರಳು ಮಡಿಸುತ್ತ ಪಾಳಿಯ ಕ್ರಮ ವಿವರಿಸಿದರು. ಸೋಮವಾರ ಒಂದನೇ ಮನೆಯವರು ಮೊದಲು ಹಿಡಿದರೆ ಮಂಗಳವಾರ ಎರಡನೇ ಮನೆಯವರು ಮೊದಲು. ಎಂಟು ಮನೆ, ವಾರಕ್ಕೆ ಏಳು ದಿನ. ಹಾಗಾಗಿ ಒಂದನೇ ಮನೆಯವರ ಮುಂದಿನ ಸರದಿ ಬರುವುದು ಮುಂದಿನ ಮಂಗಳವಾರ. “ಯಾರಿಗೂ ಭಾನುವಾರ ಕಾಯಂ ಆಗ್ತಿರ್ಲಿಲ್ಲ. ಹಬ್ಬದ ದಿನ ಮೊದಲ ನೀರು ಇವತ್ತು ನಿಂಗೆ, ಇನ್ನೊಂದು ಸಲ ನಂಗೆ.” ಮನೆಗೆ ಆರು ಕೊಡ. ಬಾಣಂತಿ ಇದ್ದ ಮನೆಗೆ ಎಂಟು. ಆ ಎರಡು ಕೊಡ ಬಿಟ್ಟುಕೊಡುವವರು ಚಿಕ್ಕ ಸಂಸಾರದವರು. ಜ್ವರ ಬಂದು ಮಲಗಿದವರ ಕೊಡ ಪಕ್ಕದ ಮನೆಯವರು ಮೊದಲು ತುಂಬಿಸಿ, ಆಮೇಲೆ ತಮ್ಮದು ಹಿಡಿಯಬೇಕು. ಇದನ್ನೆಲ್ಲ ಯಾರೂ ಬರೆದಿಟ್ಟಿರಲಿಲ್ಲ. ಎರಡನೇ ಮನೆಯ ಅತ್ತೆ ನಲ್ಲಿಯ ಪಕ್ಕ ಕಟ್ಟೆಯ ಮೇಲೆ ಕೂತಿರುತ್ತಿದ್ದರು, ಅಷ್ಟೇ ಕಾಯಿದೆ.

ಎದ್ದು ಹೊರಡುವಾಗ ಅಜ್ಜಿ ಮತ್ತೊಂದು ಮಾತು ಹೇಳಿದರು. “ಊರಿಗೆ ಹೋಗುವಾಗ ಬೀಗದ ಕೈ ಪಕ್ಕದ ಮನೇಲಿ ಕೊಟ್ಟು ಹೋಗ್ತಿದ್ವಲ್ಲ, ಅದನ್ನ ಹಾಕ್ಕೋ.” ಬೀಗದ ಕೈ ತೆಗೆದುಕೊಂಡವರ ಮೇಲೆ ಆ ಮನೆಯ ಪಾಳಿಯ ನೀರು, ತುಳಸಿ ಗಿಡ, ಹಾಲು, ಅಂಚೆ ಎಲ್ಲದರ ಜವಾಬ್ದಾರಿ. ಹಿಂದಿನ ದಿನ ನಲ್ಲಿಯ ಹತ್ತಿರ ಕೂದಲು ಹಿಡಿದು ಜಗಳವಾಡಿದ್ದ ಮನೆಗೇ ಬೀಗದ ಕೈ ಕೊಟ್ಟು ಹೋದದ್ದೂ ಉಂಟಂತೆ. “ಜಗಳ ಬೇರೆ, ಬೀಗದ ಕೈ ಬೇರೆ” ಎಂದರು.

ಕೃತಿಯ ಜೀವ ಇದರಲ್ಲಿದೆ. ಒಲವಿತ್ತು, ಆದ್ದರಿಂದ ಹಂಚಿಕೊಂಡರು ಎಂದು ನಾವು ಕಥೆ ಕಟ್ಟುತ್ತೇವೆ. ಅಜ್ಜಿ ಹೇಳುತ್ತಿರುವುದು ಬೇರೆ. ಪಾಳಿ ಇತ್ತು, ಆದ್ದರಿಂದ ಬಾಳಿದರು. ಒಲವು ಆಮೇಲೆ ಬಂತು, ಕೆಲವರಿಗೆ ಬರಲೂ ಇಲ್ಲ. ಬಾರದವರಿಗೂ ನೀರು ಸಿಕ್ಕಿತು.

9 ಏಪ್ರಿಲ್, ಯುಗಾದಿ

ಒಬ್ಬಟ್ಟು ತಟ್ಟುತ್ತ ಯೋಚನೆ ಇನ್ನೊಂದು ಕಡೆ ಹೋಯಿತು. ಆ ಎಂಟು ಮನೆಗಳಿಗೆ ಬಂದು ಸೇರಿದವರು ಯಾರು? ಊರು ಬೇರೆ, ಕೆಲಸ ಬೇರೆ. ಆದರೆ ಮನೆ ತೋರಿಸುವ ಮೊದಲು ಓನರ್ ಮನೆಯವರು ಕೇಳುತ್ತಿದ್ದ ಮಾತು “ನೀವು ಯಾವ ಜನ?” ಉತ್ತರ ಒಪ್ಪಿಗೆಯಾದರೆ ಅಡ್ವಾನ್ಸಿನ ಮಾತು. ಇಲ್ಲದಿದ್ದರೆ ಮನೆ ಆಗಲೇ ಬೇರೆಯವರಿಗೆ ಆಗಿಹೋಗಿರುತ್ತಿತ್ತು. ಇವತ್ತಿಗೂ ಈ ನಗರದಲ್ಲಿ ಹೆಸರು ಕೇಳಿ ಬಾಗಿಲು ಮುಚ್ಚುವವರಿದ್ದಾರೆ, ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬೋರ್ಡು ಹಾಕುವವರಿದ್ದಾರೆ.

ಪಾಳಿಯನ್ನು ಕೊಂಡಾಡುವ ಮೊದಲು ಪಾಳಿಯೊಳಗೆ ಯಾರಿಗೆ ಜಾಗವಿತ್ತು ಎಂದು ಕೇಳಲೇಬೇಕು. ಕೃತಿ ಇದನ್ನು ಹೊರಗಿಟ್ಟರೆ ಅದು ಬರೀ ಹಂಬಲದ ಮನೆಯಾಗುತ್ತದೆ. ಇದನ್ನು ಎಲ್ಲಿ, ಹೇಗೆ ಕೂರಿಸಬೇಕು ಎಂಬುದು ಮುಂದಿನ ಕೆಲಸ.

28 ಏಪ್ರಿಲ್, ಭಾನುವಾರ

ಎರಡು ದಿನದಿಂದ ಓದು. ಥಾಯ್ ಕಲಾವಿದ ರಿರ್ಕ್ರಿತ್ ತಿರಾವನಿಜ 1992ರಲ್ಲಿ ನ್ಯೂಯಾರ್ಕಿನ ‘303 ಗ್ಯಾಲರಿ’ಯಲ್ಲಿ ಮಾಡಿದ ಕೃತಿಯ ವಿವರ ಮತ್ತೆ ತೆಗೆದು ನೋಡಿದೆ. ಗ್ಯಾಲರಿಯ ಹಿಂಭಾಗದ ಆಫೀಸು ಸಾಮಾನನ್ನೆಲ್ಲ ಮುಂದಕ್ಕೆ ತಂದಿಟ್ಟು, ತೆರವಾದ ಜಾಗದಲ್ಲಿ ಒಲೆ ಹೂಡಿ ಬಂದವರಿಗೆಲ್ಲ ಅನ್ನ, ಸಾರು ಬಡಿಸಿದ. ಚಿತ್ರವಿಲ್ಲ, ಶಿಲ್ಪವಿಲ್ಲ. ಉಣ್ಣುತ್ತ ಕೂತ ಜನರ ನಡುವೆ ನಡೆಯುವುದೇ ಕಲೆ. ಇಂಥ ಕೃತಿಗಳಿಗೆ ಒಂದು ಸಿದ್ಧಾಂತದ ಚೌಕಟ್ಟು ಕೊಟ್ಟು ಫ್ರಾನ್ಸಿನ ನಿಕೊಲಾ ಬೂರಿಯೋ 1998ರಲ್ಲಿ ಪುಸ್ತಕ ತಂದ. 2004ರಲ್ಲಿ ಬ್ರಿಟನ್ನಿನ ವಿಮರ್ಶಕಿ ಕ್ಲೇರ್ ಬಿಷಪ್ ಅದಕ್ಕೆ ಖಡಕ್ಕಾಗಿ ಎದುರಾಡಿದಳು. ಆ ಊಟಕ್ಕೆ ಬಂದವರೆಲ್ಲ ಮೊದಲೇ ಒಂದೇ ವಲಯದವರು, ಒಂದೇ ಅಭಿರುಚಿಯವರು. ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲದ ಸಾಮರಸ್ಯವನ್ನು ಪ್ರಜಾಪ್ರಭುತ್ವ ಎನ್ನಲು ಬರುವುದಿಲ್ಲ ಎನ್ನುವುದು ಅವಳ ವಾದದ ತಿರುಳು.

ತಿರಾವನಿಜನ ಔದಾರ್ಯ ನನಗೆ ಇಷ್ಟ. ಆದರೆ ಬಿಷಪ್ ಹೇಳುವುದು ನಮ್ಮ ನಲ್ಲಿಯ ಕಟ್ಟೆಗೆ ಹತ್ತಿರ. ಒಬ್ಬನೇ ಬೇಯಿಸಿ ಎಲ್ಲರಿಗೂ ಬಡಿಸಿದರೆ ಬಂದವರು ಅತಿಥಿಗಳು. ಅತಿಥಿಗೆ ಜಗಳವಾಡುವ ಹಕ್ಕಿಲ್ಲ, ಪಾಳಿಯ ಹೊರೆಯೂ ಇಲ್ಲ. ನನ್ನಲ್ಲಿಗೆ ಬಂದವರು ಬಾಡಿಗೆದಾರರಾಗಬೇಕು. ಏನಾದರೂ ಹೊರಬೇಕು, ಹೊರದಿದ್ದರೆ ಬೇರೆಯವರಿಗೆ ತೊಂದರೆಯಾಗಬೇಕು.

14 ಮೇ, ಮಂಗಳವಾರ

ಎಲೆಕ್ಟ್ರಿಷಿಯನ್ ಜೊತೆ ಇಡೀ ಮಧ್ಯಾಹ್ನ ಕೂತಿದ್ದೆ. ಬಹಳ ವರ್ಷದಿಂದ ಗಣೇಶನ ಪೆಂಡಾಲುಗಳಿಗೆ ದೀಪ ಕಟ್ಟುವವರು. ನನಗೆ ಬೇಕಾದ್ದನ್ನು ಹೇಳಿದೆ: ಎಂಟು ಮನೆಯಲ್ಲೂ ಒಂದೊಂದು ದೀಪ. ಎಂಟೂ ಮನೆಯವರು ಸ್ವಿಚ್ ಹಾಕಿದರೆ ಮಾತ್ರ ಎಲ್ಲರಿಗೂ ಬೆಳಕು.

“ಸೀರಿಯಲ್ ಸೆಟ್ ಥರ ಅನ್ನಿ ಮೇಡಂ. ಒಂದು ಹೋದ್ರೆ ಎಲ್ಲಾ ಹೋಗುತ್ತೆ” ಎಂದರು. ಹತ್ತಿರದಲ್ಲೇ ನೀರಿರುವುದರಿಂದ 230 ವೋಲ್ಟಿನ ಮಾತೇ ಬೇಡ ಎಂದು ಅವರೇ ಲೆಕ್ಕ ಹಾಕಿದರು. ಹಳೆಯ ಸ್ಕೂಟರಿನ 6 ವೋಲ್ಟಿನ ಬಲ್ಬುಗಳು ಎಂಟು, ಸಾಲಾಗಿ ಜೋಡಿಸಿದರೆ 48 ವೋಲ್ಟ್. ಅಷ್ಟು ಕೊಡುವ ಪವರ್ ಸಪ್ಲೈ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ಸ್ವಿಚ್ಚಿನ ಜಾಗದಲ್ಲಿ ಬೀಗದ ಕೈ ತಿರುಗಿಸುವಂಥದ್ದು ಹಾಕೋಣ, ಒಳಗೆ ಟೈಮರ್ ಕೂರಿಸೋಣ ಎಂದರು. ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಆಫ್ ಆಗುತ್ತದೆ. ಮನೆಯಲ್ಲಿರುವವರು ಮತ್ತೆ ತಿರುಗಿಸಬೇಕು.

ಹೊರಡುವ ಮುಂಚೆ ಒಂದು ಕಿವಿಮಾತು: “ಎಂಟೂ ಒಂದೇ ವ್ಯಾಟ್ ಇರ್ಬೇಕು ಮೇಡಂ. ಒಂದು ಕಡಿಮೆ ವ್ಯಾಟಿಂದು ಸೇರಿಸಿದ್ರೆ ವೋಲ್ಟೇಜೆಲ್ಲ ಅದರ ಮೇಲೇ ಬೀಳುತ್ತೆ. ಮೊದ್ಲು ಸುಟ್ಟುಹೋಗೋದು ಅದೇ.”

ಇದು ವಿದ್ಯುತ್ತಿನ ನಿಯಮ. ಒಂದೇ ಸಾಲಿನಲ್ಲಿ ಎಲ್ಲ ಬಲ್ಬುಗಳ ಮೂಲಕ ಹರಿಯುವ ಕರೆಂಟು ಒಂದೇ. ಕಡಿಮೆ ವ್ಯಾಟಿನ ಬಲ್ಬಿನ ತಂತಿ ಹೆಚ್ಚು ತಡೆಯೊಡ್ಡುವುದರಿಂದ ಹೆಚ್ಚು ಒತ್ತಡವನ್ನೂ ಅದೇ ಹೊರುತ್ತದೆ. ಸಮಪಾಲು ಎಂದು ಎಲ್ಲರಿಗೂ ಆರು ಕೊಡ ಅಳೆದು ಸುಮ್ಮನಾಗುವ ವಠಾರವೂ ಇರಬಹುದಿತ್ತು. ಅಂಥ ಕಡೆ ಮೊದಲು ಸೋಲುವುದು ಬಾಣಂತಿಯ ಮನೆ. ಅಜ್ಜಿಯ ವಠಾರದವರು ಆ ಎರಡು ಹೆಚ್ಚಿನ ಕೊಡದಿಂದ ಈ ನಿಯಮವನ್ನು ಮೀರಿದ್ದರು.

3 ಜೂನ್, ಸೋಮವಾರ

ನಿನ್ನೆ ಒಂದೇ ದಿನ 111 ಮಿಲಿಮೀಟರ್ ಮಳೆ. ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಜೂನ್ ತಿಂಗಳ ಒಂದು ದಿನಕ್ಕೆ ಇಷ್ಟು ಸುರಿದದ್ದು ಇದೇ ಮೊದಲಂತೆ. ಮಾರ್ಚಿನಲ್ಲಿ ಒಂದು ಬಕೆಟ್ಟಿಗೆ ಪರದಾಡಿದ ಊರಿನಲ್ಲಿ ಇವತ್ತು ಅಂಡರ್‌ಪಾಸುಗಳು ತುಂಬಿವೆ.

ಬೆಳಿಗ್ಗೆ ಚಾಮರಾಜಪೇಟೆಗೆ ಹೋದೆ. ನಮ್ಮ ವಠಾರವಿದ್ದ ಜಾಗದಲ್ಲಿ ನಾಲ್ಕಂತಸ್ತಿನ ಕಟ್ಟಡ. ಹಿಂದಿನ ಸಂದಿ ಮಾತ್ರ ಉಳಿದಿದೆ. 1892ರಲ್ಲಿ ರೂಪುಗೊಂಡ ಈ ಪೇಟೆಯಲ್ಲೂ 1898ರ ಪ್ಲೇಗಿನ ಹೊತ್ತಿನಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲೂ ಮನೆಗಳ ಬೆನ್ನಿಗೆ ಇಂಥ ಸಂದಿಗಳಿವೆ. ಅಗಲ ರಸ್ತೆ, ಗಾಳಿ, ಬೆಳಕು, ಚರಂಡಿ ಎಂದು ಹೊಸ ಬಡಾವಣೆಗಳನ್ನು ಹೊಗಳುತ್ತೇವೆ. ಸಂದಿಯ ಬಗ್ಗೆ ಮಾತೆತ್ತುವುದಿಲ್ಲ. ಮುಂಬಾಗಿಲ ಕಡೆ ಕಾಲಿಡಲು ಬಿಡದ ಜನ ಬಂದು ಕಕ್ಕಸಿನ ಮಲ ಎತ್ತಿಕೊಂಡು ಹೋಗಲೆಂದು ಮಾಡಿಸಿದ ದಾರಿ ಅದು. ನಗರದ ನಕ್ಷೆ ಹಾಕುವಾಗಲೇ ಕಣ್ಣಿಗೆ ಬೀಳದ ಹಾಗೆ ಗೆರೆ ಎಳೆದಿದ್ದಾರೆ.

ತಲೆಯ ಮೇಲೆ ಮಲ ಹೊರಿಸುವುದನ್ನು ಎಪ್ಪತ್ತರ ದಶಕದ ಆರಂಭದಲ್ಲಿ ದೇವರಾಜ ಅರಸರ ಸರ್ಕಾರದ ಸಚಿವ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ದೇಶದ ಕಾನೂನು ಬಂದದ್ದು 1993ರಲ್ಲಿ, ಇನ್ನಷ್ಟು ಬಿಗಿಯಾದ ಕಾನೂನು 2013ರಲ್ಲಿ.

ಯುಗಾದಿಯ ದಿನದ ಪ್ರಶ್ನೆಗೆ ಜಾಗ ಇಲ್ಲಿದೆ. ಎಂಟು ಮನೆಯವರು ನೀರಿಗೆ ಪಾಳಿ ಮಾಡಿಕೊಂಡರು, ಅಂಗಳ ಗುಡಿಸಲು, ರಂಗೋಲಿ ಹಾಕಲು ಪಾಳಿ ಮಾಡಿಕೊಂಡರು. ಹಿಂದಿನ ಸಂದಿಗೆ ಯಾರೂ ಯಾವತ್ತೂ ಪಾಳಿ ಹಚ್ಚಿಕೊಳ್ಳಲಿಲ್ಲ. ಅಲ್ಲಿಗೆ ಬರುವವರು ವಠಾರದ ಲೆಕ್ಕದಲ್ಲೇ ಇರಲಿಲ್ಲ. ಅವರು ಒಂದು ದಿನ ಬಾರದಿದ್ದರೆ ಎಂಟು ಮನೆಯವರೂ ಮೂಗು ಮುಚ್ಚಿಕೊಂಡು ಓಡಬೇಕಾಗಿತ್ತು.

ಒಂಬತ್ತನೇ ಸ್ವಿಚ್ ಬರುತ್ತದೆ. ಎಂಟು ಬಾಗಿಲುಗಳ ಬೆನ್ನಿಗೆ ಒಂದು ಸಂದಿ ಕಟ್ಟುತ್ತೇನೆ. ಒಳಗಿನಿಂದ ದಾರಿಯಿಲ್ಲ, ಹೊರಗೆ ಹೋಗಿ ಸುತ್ತಿಕೊಂಡೇ ಬರಬೇಕು. ಅಲ್ಲಿ ಮನೆಯಿಲ್ಲ, ದೀಪವಿಲ್ಲ, ಒಂದು ಸ್ವಿಚ್ ಮಾತ್ರ. ಅದನ್ನು ಹಾಕದಿದ್ದರೆ ಎಂಟು ಮನೆಯಲ್ಲೂ ಕತ್ತಲು. ಅದಕ್ಕೂ ಹತ್ತು ನಿಮಿಷದ ಟೈಮರ್. ಬೆಳಕು ಬೇಕಾದರೆ ಒಳಗಿರುವವರು ಸಂದಿಗೂ ಪಾಳಿ ಹಚ್ಚಿಕೊಳ್ಳಬೇಕು.

23 ಜೂನ್, ಭಾನುವಾರ

ಪೌರಕಾರ್ಮಿಕರಾಗಿ ದುಡಿದು ನಿವೃತ್ತರಾದ ಒಬ್ಬ ತಾಯಿಯನ್ನು ಗೆಳತಿಯೊಬ್ಬಳು ಪರಿಚಯಿಸಿದಳು. ಅವರ ಅತ್ತೆ ಚಾಮರಾಜಪೇಟೆಯ ಆ ಸಂದಿಗಳಲ್ಲೇ ಕೆಲಸ ಮಾಡಿದವರು. ಸೊಸೆಯಾಗಿ ಬಂದ ಹೊಸದರಲ್ಲಿ ಇವರೂ ಜೊತೆಗೆ ಹೋಗಿದ್ದರಂತೆ.

ಕೃತಿಯ ನಕ್ಷೆ ಬಿಡಿಸಿ ತೋರಿಸಿದೆ. ಸಂದಿಯಲ್ಲಿ ಅವರ ಧ್ವನಿ ಕೇಳಿಸಬಹುದೇ ಎಂದು ಅನುಮತಿ ಕೇಳಿದೆ. ಬಹಳ ಹೊತ್ತು ನಕ್ಷೆ ನೋಡಿದರು. “ಬ್ಯಾಡಮ್ಮ. ನಮ್ ಅತ್ತೆ ಕಷ್ಟ ಕೇಳಿ ಜನ ಅಯ್ಯೋ ಅಂತಾರೆ, ಮನೆಗೆ ಹೋಯ್ತಾರೆ. ಅಯ್ಯೋ ಅನ್ನಿಸ್ಕಣಾಕೆ ನಾವು ಕೆಲ್ಸ ಮಾಡಿಲ್ಲ.” ಮತ್ತೆ ಏನು ಬೇಕು ಎಂದೆ. “ಆ ಸಂದಿ ಎಷ್ಟು ಅಗ್ಲ ಇತ್ತೋ ಅಷ್ಟೇ ಇಡಿ. ಫೋಟೋ ತಕ್ಕಳಾಕೆ ಅಂತ ಅಗ್ಲ ಮಾಡ್ಬ್ಯಾಡಿ.”

ನಾಳೆ ಟೇಪ್ ಹಿಡಿದುಕೊಂಡು ಹೋಗಿ ಉಳಿದಿರುವ ಸಂದಿಗಳನ್ನು ಅಳೆಯಬೇಕು. ಶೀಲಾ ಗೌಡ ಅವರು 2006ರಲ್ಲಿ ಟಾರಿನ ಡ್ರಮ್ಮುಗಳಿಂದ ಕಟ್ಟಿದ ‘ಡಾರ್ಕ್‌ರೂಮ್’ ನೆನಪಾಯಿತು. ರಸ್ತೆ ಕೆಲಸದವರು ಬಳಸಿ ಬಿಟ್ಟ ಡ್ರಮ್ಮುಗಳ ಒಂದು ಗೂಡು. ಒಳಗೆ ಹೋಗಬೇಕಾದರೆ ನೋಡುಗ ಬಾಗಲೇಬೇಕು. ತಲೆಯ ಮೇಲಿನ ತಗಡಿನ ಸಣ್ಣ ತೂತುಗಳಿಂದ ಬೆಳಕು ಬರುತ್ತದೆ. ಅಲ್ಲಿ ಯಾರ ಕಥೆಯನ್ನೂ ಹೇಳುವುದಿಲ್ಲ, ಅಳತೆಯೇ ಮಾತನಾಡುತ್ತದೆ. ಈ ತಾಯಿ ಕೇಳುತ್ತಿರುವುದೂ ಆ ಅಳತೆಯನ್ನೇ.

15 ಜುಲೈ, ಸೋಮವಾರ

ಅನುದಾನ ಕೊಡುವ ಸಂಸ್ಥೆಯೊಂದರ ಸಂದರ್ಶನ ಮುಗಿಯಿತು. ಒಬ್ಬರು ತಂತ್ರಜ್ಞಾನ ಏನೂ ಇಲ್ಲವಲ್ಲ ಎಂದರು. ಇನ್ನೊಬ್ಬರು ಮುಖ್ಯವಾದ ಪ್ರಶ್ನೆ ಕೇಳಿದರು: ಕೂಡಿ ಬಾಳುವುದೆಂದರೆ ನಿಮ್ಮ ದೃಷ್ಟಿಯಲ್ಲಿ ಭಾವನೆ ಅಲ್ಲವೇ, ಬರೀ ಲೆಕ್ಕಾಚಾರವೇ?

ನಾನು ಚೋಳಮಂಡಲದ ಉದಾಹರಣೆ ಕೊಟ್ಟೆ. 1966ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಅವರ ಶಿಷ್ಯರು ಮದರಾಸಿನ ಹೊರಗೆ ಕಡಲ ದಂಡೆಯಲ್ಲಿ ಕಲಾವಿದರ ಗ್ರಾಮ ಕಟ್ಟಿದರು. ಚಿತ್ರ ಮಾರಿ ಯಾರಿಗೂ ಹೊಟ್ಟೆ ತುಂಬದ ಕಾಲ. ಅವರು ಮೊದಲು ಕಟ್ಟಿಕೊಂಡದ್ದು ಕರಕುಶಲ ವಸ್ತುಗಳ ಸಂಘ. ಬಾಟಿಕ್ ಬಟ್ಟೆ ಮಾಡಿ ಮಾರಿದರು, ಬಂದ ದುಡ್ಡಿನಲ್ಲಿ ಭೂಮಿ ಕೊಂಡರು. ಸ್ವಲ್ಪ ಹೊತ್ತು ಎಲ್ಲರಿಗೂ ಬೇಕಾದ ದುಡಿಮೆ, ಉಳಿದ ಹೊತ್ತಿನಲ್ಲಿ ಅವರವರ ಚಿತ್ರ. ಕಲಾವಿದರ ಎಷ್ಟೋ ಕೂಟಗಳು ಸ್ನೇಹದಿಂದ ಹುಟ್ಟಿ ಸ್ನೇಹ ಕೆಟ್ಟಾಗ ಮುಗಿಯುತ್ತವೆ. ಆ ಗ್ರಾಮ ಇಂದಿಗೂ ಇದೆ. ಅದರ ಬುಡದಲ್ಲಿ ಹಂಚಿಕೊಂಡ ಕೆಲಸವಿತ್ತು.

ಭಾವನೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಭಾವನೆಗೆ ನಿಲ್ಲಲು ನೆಲ ಬೇಕು, ಆ ನೆಲ ಪಾಳಿ. ಇವತ್ತು ಮನಸ್ಸು ಚೆನ್ನಾಗಿಲ್ಲದ ನೆರೆಯವರೂ ನನ್ನ ಕೊಡ ತುಂಬಿಸುವಂತೆ ಮಾಡುವುದು ಪಾಳಿಯೇ ಎಂದೆ. ಅವರು ತಲೆಯಾಡಿಸಿ ಬರೆದುಕೊಂಡರು.

25 ಆಗಸ್ಟ್, ಭಾನುವಾರ

ಕಾಟನ್‌ಪೇಟೆಯ ಗೋದಾಮಿನಲ್ಲಿ ಪ್ರಯೋಗ ಮಾಡಿದೆವು. ಗುಜರಿಯಿಂದ ತಂದ ಎಂಟು ಹಳೆಯ ಬಾಗಿಲುಗಳನ್ನು ಪ್ಲೈವುಡ್ಡಿನ ಚೌಕಟ್ಟಿಗೆ ನಿಲ್ಲಿಸಿದ್ದೆವು. ನಡುವೆ ನಲ್ಲಿ. ಚೆಲ್ಲಿದ ನೀರು ಚರಂಡಿಯಲ್ಲಿ ಹರಿದು ನೆಲದಡಿಯ ಡ್ರಮ್ಮಿಗೆ ಸೇರಿ, ಪಂಪಿನಿಂದ ಮತ್ತೆ ನಲ್ಲಿಗೇ ಬರುತ್ತದೆ. ಹಿಂದೆ ಸಂದಿ, ಅಳೆದು ತಂದ ಅಗಲದಲ್ಲೇ. ಕೆಲವು ವಿದ್ಯಾರ್ಥಿಗಳು, ಪಕ್ಕದ ಲಾರಿ ಆಫೀಸಿನ ಹಮಾಲರು, ಗೆಳೆಯರ ಗೆಳೆಯರು, ಮೂರನೇ ಮನೆ ಅಜ್ಜಿ.

ನಿಯಮ ಒಂದೇ: ಒಳಗೆ ಬರುವವರಿಗೆ ಬೀಗದ ಕೈ ಕೊಡುವವರು ನಮ್ಮ ಸಿಬ್ಬಂದಿಯಲ್ಲ, ಹೊರಟು ನಿಂತ ಪ್ರೇಕ್ಷಕರು. ತೆಗೆದುಕೊಳ್ಳಲು ಯಾರೂ ಬಂದಿಲ್ಲದಿದ್ದರೆ ಪಕ್ಕದ ಮನೆಯವರ ಕೈಗೆ ಕೊಟ್ಟು ಹೋಗಬೇಕು. ಅಲ್ಲಿಂದಾಚೆ ಎರಡು ಮನೆಯ ದೀಪದ ಜವಾಬ್ದಾರಿ ಅವರದು.

ಮೊದಲು ಎಲ್ಲರೂ ಪ್ರದರ್ಶನಕ್ಕೆ ಬಂದವರ ಹಾಗೆ ಮೆಲ್ಲಗೆ ಓಡಾಡಿದರು. ಸಂದಿಯ ಸ್ವಿಚ್ಚನ್ನು ನಮ್ಮ ಹುಡುಗನೊಬ್ಬ ಹಾಕುತ್ತಿದ್ದುದರಿಂದ ದೀಪವೆಲ್ಲ ಉರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಒಬ್ಬ ವಿದ್ಯಾರ್ಥಿ ಫೋನು ಬಂತೆಂದು ಬೀಗದ ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಹೊರಗೆ ನಡೆದ. ಹತ್ತು ನಿಮಿಷ ತುಂಬುತ್ತಲೇ ಎಲ್ಲ ಮನೆ ಕತ್ತಲಾಯಿತು. ಗೊಂದಲದ ನಡುವೆ ಲಾರಿ ಆಫೀಸಿನವರೊಬ್ಬರು ಗಟ್ಟಿಯಾಗಿ ಕೂಗಿದರು: “ಆರನೇ ಮನೆಯೋರು ಯಾರ್ರೀ?”

ಒಬ್ಬರಿಗೊಬ್ಬರು ಹೆಸರು ಹೇಳಿಕೊಳ್ಳದ ಜನ ಆಮೇಲೆ ಮನೆಯ ಸಂಖ್ಯೆಯಿಂದಲೇ ಕರೆದುಕೊಂಡರು. ಅಜ್ಜಿ ಯಾರೂ ಹೇಳದೆಯೇ ನಲ್ಲಿಯ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡರು. ಎರಡನೇ ಮನೆ ಹಿಡಿದಿದ್ದ ಹುಡುಗಿ ಏಳನೇ ಕೊಡಕ್ಕೆ ಕೈ ಹಾಕಿದಾಗ “ಏನಮ್ಮ, ನಿಮ್ಮನೇಲಿ ಬಾಣಂತಿ ಇದಾಳಾ?” ಎಂದು ತಡೆದರು. ಹುಡುಗಿ ವಾದಿಸಿದಳು. ಪಕ್ಕದ ಮನೆಯವರು ಅವಳ ಪರ ನಿಂತರು, ನಾಲ್ಕನೇ ಮನೆಯವರು ವಿರುದ್ಧ. ಜಗಳ ಇನ್ನೂ ನಡೆಯುತ್ತಿರುವಾಗಲೇ ಹುಡುಗಿಗೆ ಬಸ್ಸಿನ ಹೊತ್ತಾಯಿತು. ಬೀಗದ ಕೈಯನ್ನು ನಾಲ್ಕನೇ ಮನೆಯವರ ಕೈಗೇ ಕೊಟ್ಟು ಹೊರಟಳು. ಅಜ್ಜಿ ನನ್ನ ಕಡೆ ನೋಡಿ ತಲೆಯಾಡಿಸಿದರು.

ಎರಡನೇ ಸರದಿಯಲ್ಲಿ ಸಂದಿಯಿಂದ ನಮ್ಮ ಹುಡುಗನನ್ನು ಹೊರಗೆ ಕರೆದೆವು. ಎಂಟೂ ಮನೆಯವರು ಬೀಗದ ಕೈ ತಿರುಗಿಸಿದ್ದರು, ಬೆಳಕಿಲ್ಲ. ಮೊದಲು ಒಬ್ಬರನ್ನೊಬ್ಬರು ಅನುಮಾನಿಸಿದರು. ಆಮೇಲೆ ನನ್ನನ್ನು ಕೇಳಿದರು, ನಾನು ಬಾಯಿಬಿಡಲಿಲ್ಲ. ಗೋದಾಮಿನ ಹಿಂಭಾಗ ಗೊತ್ತಿದ್ದ ಹಮಾಲರೊಬ್ಬರು ಸುತ್ತಿಕೊಂಡು ಹೋಗಿ ಸ್ವಿಚ್ ಹುಡುಕಿದರು. ಬೆಳಕು ಬಂದೊಡನೆ ಎಲ್ಲರೂ ಚಪ್ಪಾಳೆ ತಟ್ಟಿದರು. ಹತ್ತು ನಿಮಿಷದ ನಂತರ ಮತ್ತೆ ಕತ್ತಲು. ಮತ್ತೆ ಅವರೇ ಹೋದರು. ಅದಾದ ಮೇಲೆ ಎಂಟು ಮನೆಯವರೂ ನೆಮ್ಮದಿಯಾಗಿ ತಮ್ಮ ತಮ್ಮ ಮಾತಿಗೆ ಮರಳಿದರು. ಆ ಹಮಾಲರು ಪ್ರತಿ ಹತ್ತು ನಿಮಿಷಕ್ಕೂ ಒಬ್ಬರೇ ಹೋಗಿ ಬರುತ್ತಲೇ ಇದ್ದರು.

ಅಷ್ಟು ಹೊತ್ತಿನಲ್ಲಿ ಒಂದು ಜಾತಿ ವ್ಯವಸ್ಥೆ ಕಣ್ಣೆದುರೇ ತಯಾರಾಯಿತು. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಹೋಗಿ ಗೊತ್ತಿದ್ದವರು ಹೋದರು, ಉಳಿದವರು ಬೆಳಕಿನಲ್ಲಿ ಕೂತರು. ಕೊನೆಗೆ ಐದನೇ ಮನೆಯ ವಿದ್ಯಾರ್ಥಿನಿ ಎದ್ದು “ಅಣ್ಣಾ, ಈ ಸಲ ನಾನು ಹೋಗ್ತೀನಿ. ಆಮೇಲೆ ಆರನೇ ಮನೆಯೋರು” ಎಂದಳು. ಸಂದಿಗೆ ಪಾಳಿ ಹುಟ್ಟಿತು.

16 ಅಕ್ಟೋಬರ್, ಬುಧವಾರ

ಕಾವೇರಿ ಐದನೇ ಹಂತ ಇವತ್ತು ಉದ್ಘಾಟನೆಯಾಯಿತು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್ ನೀರು. ಇಷ್ಟು ವರ್ಷ ಟ್ಯಾಂಕರಿಗೆ ಕಾದವರ ಮನೆಗೆ ನಲ್ಲಿ ಬರುತ್ತಿದೆ, ತುಂಬಾ ಸಂತೋಷ. ಮನೆ ಮನೆಗೂ ನೀರು ಬರಲೇಬೇಕು. ಬೆಳಗಿನ ಜಾವ ಕೊಡ ಹಿಡಿದು ನಿಂತ ಹೆಂಗಸರ ಬೆನ್ನುನೋವನ್ನು ಯಾರೂ ಹಂಬಲಿಸಬೇಕಾಗಿಲ್ಲ. ನಲ್ಲಿ ಮನೆಯೊಳಗೆ ಬಂದಾಗ ಪಾಳಿ ಕೈಬಿಟ್ಟುಹೋಗುತ್ತದೆ, ನನ್ನ ಚಿಂತೆ ಅಷ್ಟೇ. ನೀರಿಗಾಗಿ ಕಲಿತದ್ದನ್ನು ಕಸಕ್ಕೆ, ಚರಂಡಿಗೆ, ಒಂಟಿಯಾಗಿರುವ ಹಿರಿಯರಿಗೆ ಬಳಸಲು ಬರುತ್ತದೆ. ಬರ ಬೀಳುವವರೆಗೆ ಕಾಯಬೇಕಾಗಿಲ್ಲ.

ಇಷ್ಟು ತಿಂಗಳು ಹುಡುಕಿದ್ದನ್ನು ಒಂದು ಸಾಲಿನಲ್ಲಿ ಬರೆದಿಡಬಲ್ಲೆ. ಪಾಳಿ ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಯವರೆಗೆ ಮಾತ್ರ ಕೂಡು ಬಾಳು. ನಲ್ಲಿಯವರೆಗೆ ಮುಟ್ಟಿ ಸಂದಿಗೆ ಮುಟ್ಟದಿದ್ದರೆ ಅದು ಎಂಟು ಮನೆಯವರ ಅನುಕೂಲ, ಅಷ್ಟೇ.

ಕೊನೆಯ ತೀರ್ಮಾನಗಳು: ಸಂದಿಯ ಸ್ವಿಚ್ಚಿಗೆ ಬೋರ್ಡು ಇಲ್ಲ, ಬಾಣದ ಗುರುತಿಲ್ಲ. ಮೊದಲ ದಿನದಿಂದಲೂ ಅಲ್ಲಿ ಸಂಬಳದ ಹುಡುಗ ಇರುವುದಿಲ್ಲ. ಪ್ರವೇಶಕ್ಕೆ ಟಿಕೆಟ್ ಇಲ್ಲ. ಸುತ್ತಲಿನ ಬೀದಿಗಳ ಲಾರಿ ಆಫೀಸು, ಗಾರ್ಮೆಂಟ್ಸ್, ಹೋಟೆಲು, ಪೌರಕಾರ್ಮಿಕರ ಕಾಲೊನಿ ಎಲ್ಲ ಕಡೆ ನಾವೇ ಹೋಗಿ ಕರೆಯುತ್ತೇವೆ. ಸಂಜೆಯ ಹೊತ್ತು ತೆರೆದಿರಬೇಕು, ಕೆಲಸ ಬಿಟ್ಟು ಬರುವವರಿಗಾಗಿ.

ಪೌರಕಾರ್ಮಿಕರಾಗಿದ್ದ ಆ ತಾಯಿಗೆ ಫೋನು ಮಾಡಿ ಕೃತಿಯ ಉದ್ಘಾಟನೆಗೆ ಕರೆದೆ. ಸಂದಿಯ ಅಗಲ ಅವರೇ ಪರೀಕ್ಷಿಸಿ ಒಪ್ಪಿಗೆ ಕೊಡಬೇಕು ಎಂದೆ. “ಸಂದಿ ನೋಡಿದೀನಮ್ಮ, ಜೀವ್ನ ಪೂರ್ತಿ ನೋಡಿದೀನಿ. ಆ ಮನೆಗಳ ಒಳಗೆ ಏನೈತೆ ಅಂತ ನೋಡಿಲ್ಲ. ನಂಗೆ ಒಂದ್ನೇ ಮನೆ ಬೀಗದ ಕೈ ಕೊಡಿ.”

ಕೊಡುತ್ತೇನೆ. ಮೊದಲ ಬೀಗದ ಕೈ ಅವರದು, ಮೊದಲ ನೀರು ಅವರ ಕೊಡಕ್ಕೆ. ಐದನೇ ಮನೆಯ ಮಗಳಾದ ನಾನು ಸಂದಿಯ ಸ್ವಿಚ್ಚಿನ ಮೊದಲ ಪಾಳಿಗೆ ನಿಲ್ಲುತ್ತೇನೆ. ಮೂರನೇ ಮನೆ ಅಜ್ಜಿಗೂ ಹೇಳಿದ್ದೇನೆ. ನನ್ನ ಹತ್ತು ನಿಮಿಷ ಮುಗಿದ ಮೇಲಿನ ಪಾಳಿ ತಮ್ಮದು, ಅಲ್ಲಿಯೂ ಒಂದು ಕುರ್ಚಿ ಹಾಕಿಸು ಎಂದಿದ್ದಾರೆ.